ಎಂಟು ಬಾವಿಗಳ ಬೆಂಕಿ

ಸೋಮವಾರ ಹನ್ನೊಂದಕ್ಕೆ ನಮ್ಮ ಸಾಹೇಬರು ಫೋನ್ ಮಾಡುವವರಿದ್ದರು. ಅಷ್ಟರಲ್ಲಿ ನಾನೊಂದು ಸರಿಯಾದ ದಾರಿ ಹೇಳದಿದ್ದರೆ ಫೈಲು ಮುಚ್ಚಿಬಿಡುತ್ತಾರೆ. ಗುಜರಾತಿನ ನಮ್ಮ ಎಂಟು ಎಣ್ಣೆಬಾವಿಗಳ ಗ್ಯಾಸು ಹೀಗೇ ಸುಟ್ಟು ಹಾಳಾಗುತ್ತಿರುತ್ತದೆ. ಎರಡು ವರ್ಷ ಅದರ ಬೆನ್ನು ಹತ್ತಿದ ಇಂಜಿನಿಯರು ನಾನು. ತಲೆ ಕೆಡದೆ ಇರುತ್ತದೆಯೇ?

ಭಾನುವಾರ ರಜೆಗೆಂದು ಯಲ್ಲದಕೆರೆಗೆ ಬಂದರೆ ಅಕ್ಕ ಬೊಮ್ಮಕ್ಕ ಕೈಗೆ ಬಲೆಯ ಒಂದು ತುದಿ ಕೊಟ್ಟಳು. ಹಿಕ್ಕೆ ಬಿದ್ದು ಗೊಬ್ಬರವಾಗಲೆಂದು ದೊಡ್ಡತಿಮ್ಮಪ್ಪನ ಹೊಲದಲ್ಲಿ ನಾಲ್ಕು ದಿನ ಬಲೆ ಕಟ್ಟಿ ಕುರಿ ತರುಬಿದ್ದಳು. ಈಗ ಸುತ್ತಲಿನ ಬಲೆ ಕಿತ್ತು ಮಂದೆಯನ್ನು ಪಕ್ಕದ ಹೊಲಕ್ಕೆ ಹೊಡೆಯಬೇಕಿತ್ತು.

"ಏನೇ ಹುಲಿಗೆಮ್ಮ, ಮುಖ ಯಾಕೆ ಹಂಗೆ ಊದ್ಕಂಡೈತೆ?"

ಫೋನಿನಲ್ಲಿ ಬೆಂಕಿಯ ವಿಡಿಯೊ ತೋರಿಸಿದೆ. "ಎಣ್ಣೆ ಜೊತೆ ಬರೋ ಗ್ಯಾಸು. ಹಂಗೇ ಬಿಟ್ರೆ ಇನ್ನೂ ಕೆಟ್ಟದ್ದು ಅಂತ ಸುಡ್ತೀವಿ."

"ಅಯ್ಯೋ ನಿಮ್ಮನೆ ಹಾಳಾಗ! ಇಷ್ಟೊಂದಾ?"

ಎಲ್ಲ ಬಾವಿಗಳಿಗೂ ಪೈಪು ಎಳೆಯೋಣವೆಂದು ಮೊದಲು ಸಾಹೇಬರಿಗೆ ಹೇಳಿದ್ದೆ. ಬಾವಿಗಳು ದೂರ ದೂರ, ಪೈಪು ಮುಗಿಯುವಷ್ಟರಲ್ಲಿ ಗ್ಯಾಸೇ ಮುಗಿಯುತ್ತದೆ ಎಂದರು. ಸಿಲಿಂಡರಿಗೆ ಒತ್ತಿ ತುಂಬಿ ಲಾರಿಯಲ್ಲಿ ಸಾಗಿಸೋಣ ಎಂದೆ. ಮಳೆಗಾಲದಲ್ಲಿ ಲಾರಿ ಹೂತುಹೋಗುತ್ತದೆ ಎಂದರು. ಇದನ್ನೆಲ್ಲ ಒಂದೇ ಉಸಿರಿಗೆ ಅಕ್ಕನ ಮೇಲೆ ಕಾರಿಕೊಂಡೆ.

"ಎಲ್ಲಾನೂ ಒಂದ್ಕಡೆ ಗುಡ್ಡೆ ಹಾಕ್ಬೇಕು ಅಂತ ಯಾಕೆ ಬಡ್ಕಂತೀಯೆ? ನಾವೇನು ಗೊಬ್ಬರ ಹೊತ್ಕಂಡು ಹೋಗ್ತೀವಾ? ಕುರೀನೇ ಹೊಲಕ್ಕೆ ಹೋಗ್ತಾವೆ. ಅಲ್ಲಿ ಕೆಲ್ಸ ಆತು ಅಂದ್ರೆ ಮುಂದ್ಲ ಹೊಲ. ಬಲೆ ಸರಿಯಾಗಿ ಹಿಡ್ಕ!"

"ಇದು ಕುರಿಯಲ್ಲಕ್ಕ, ಗ್ಯಾಸು!" ಎಂದು ಸಿಡುಕಿದೆ. ಸಿಡುಕಿದ ಮರುಕ್ಷಣವೇ ಬಲೆ ಬಿಟ್ಟು ಮತ್ತೆ ಆ ವಿಡಿಯೊ ನೋಡಿದೆ.

ಎಣ್ಣೆ ಎತ್ತುವ ಪಂಪಿಗೆ ನಾವು ಪ್ರತಿ ಬಾವಿಯಲ್ಲೂ ಡೀಸೆಲ್ ಸುಡುತ್ತಿದ್ದೆವು. ಪಕ್ಕದಲ್ಲೇ ಗ್ಯಾಸು ಉರಿಯುತ್ತಿತ್ತು! ಗ್ಯಾಸಿನಿಂದ ಓಡುವ ಸಣ್ಣ ಜನರೇಟರನ್ನು, ನೀರಿನಂಶ ತೆಗೆಯುವ ಯಂತ್ರದ ಸಮೇತ, ಗಾಲಿಯ ಮೇಲೆ ಕೂರಿಸಿ ಬಾವಿಯ ಬಳಿಗೇ ಒಯ್ದರೆ ಸಾಕು, ಪಂಪು ಅದರಿಂದಲೇ ಓಡುತ್ತದೆ. ಗ್ಯಾಸು ಬತ್ತಿದರೆ ಮುಂದಿನ ಬಾವಿಗೆ ಎಳೆದೊಯ್ಯಬಹುದು. ದೊಡ್ಡದೇ ಆಗಬೇಕೆಂಬ ನನ್ನ ಹಟಕ್ಕೆ ನನಗೇ ನಾಚಿಕೆಯಾಯಿತು.

ಮರುದಿನ ಬದುವಿನ ಮೇಲೆ ಕೂತೇ ಸಾಹೇಬರಿಗೆ ವಿವರಿಸಿದೆ. ಅವರು ಹತ್ತಾರು ಪ್ರಶ್ನೆ ಕೇಳಿದರು. ಕೊನೆಗೆ, "ಒಂದು ಬಾವಿಗೆ ಮಾಡಿ ನೋಡಿ. ಫೈಲು ಇರಲಿ," ಎಂದರು.

ಎಂಟರಲ್ಲಿ ಒಂದೇ! ಖುಷಿಪಡಬೇಕೋ ಬೇಡವೋ ತಿಳಿಯದೆ ಕಣ್ಣು ತುಂಬಿತು.

"ಯಾಕೆ ಅಳ್ತೀಯ? ಬ್ಯಾಡ ಅಂದ್ರಾ?" ಎನ್ನುತ್ತಾ ಅಕ್ಕ ಓಡಿಬಂದಳು.

"ಒಂದಕ್ಕೆ ಮಾತ್ರ ಹೂಂ ಅಂದ್ರು."

"ಥೂ ಹುಚ್ಚಿ! ಒಂದ್ ಬೆಂಕಿಯಾದ್ರೂ ಆರ್ತೈತಲ್ಲೇ," ಎಂದು ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು.