ನಡುವೆ ಕೂತ ರಾಣಿಯ ಕಿವಿ

ಒಂದು ಊರು, ಆ ಊರಿಗೊಬ್ಬ ರಾಣಿ. ರಾಣಿಯ ಎಡಕ್ಕೊಂದು, ಬಲಕ್ಕೊಂದು ಮಾತನಾಡುವ ಪೆಟ್ಟಿಗೆ. ಪೆಟ್ಟಿಗೆಯ ಮಾತು ಎಲ್ಲರಿಗೂ ಕೇಳುತ್ತಿತ್ತು. ನಟ್ಟನಡುವೆ ಸಿಂಹಾಸನದಲ್ಲಿ ಕೂತ ರಾಣಿಗೊಬ್ಬಳಿಗೆ ಕೇಳುತ್ತಿರಲಿಲ್ಲ.

ಊರು ಧಾರವಾಡ. ಅರಮನೆ ಮಾಳಮಡ್ಡಿಯ ಎರಡು ಕೋಣೆಯ ಬಾಡಿಗೆ ಮನೆ. ಸಿಂಹಾಸನ ಬೆತ್ತದ ಕುರ್ಚಿ, ರಾಣಿ ಉಡಚವ್ವ. ಅವಳ ಕತೆ ಕೇಳುತ್ತಲೇ ಬೆಳೆದವಳು ಮೊಮ್ಮಗಳು ಭಾಗ್ಯಾ. ಆದರೆ ಭಾಗ್ಯಾಳ ಈ ಅಜ್ಜಿ, ಅವಳ ಆಯಿ, ಈಗ ಕತೆ ಹೇಳುವುದನ್ನೇ ಬಿಟ್ಟಿದ್ದಳು.

ದಸರಾ ಮುಗಿದಾಗಿನಿಂದ ಆಯಿಗೆ ಟೀವಿಯ ಮಾತು ತಿಳಿಯದಾಗಿತ್ತು. ಟೀವಿಯ ಎಡಬಲಕ್ಕಿಟ್ಟ ಹೋಮ್ ಥಿಯೇಟರಿನ ಪೆಟ್ಟಿಗೆಗಳಲ್ಲಿ ಧಾರಾವಾಹಿಯ ಅತ್ತೆ-ಸೊಸೆಯರು ಬಾವಿಯೊಳಗಿಂದ ಬೈದಾಡಿದಂತೆ ಕೇಳುತ್ತದೆ ಅನ್ನುವಳು. "ಏನಂದ್ಲು? ಏನಂದ್ಲು?" ಎಂಬ ಪ್ರಶ್ನೆಗೆ, ಗೋಡೆಬದಿಯ ಮಂಚದಲ್ಲಿ ಕೂತ ಮಗ, ಭಾಗ್ಯಾಳ ಅಪ್ಪ ಯಂಕಣ್ಣ ರೇಗುತ್ತಿದ್ದ.

"ನನಗ ಛಲೋ ಕೇಳಸ್ತೈತಲ್ಲಬೇ ಯವ್ವಾ! ನಿನ್ನ ಕಿವಿ ಹೋಗ್ಯಾವ. ಶನಿವಾರ ಕಿವಿಗೆ ಮಷೀನ್ ಹಾಕಸ್ತೇನಿ, ಸುಮ್ನ ಬಾ."

"ನಿನ್ನ ಡಬ್ಬಿ ಹೋಗೇತಿ, ನನ್ನ ಕಿವಿ ಅಲ್ಲ."

ಅಡುಗೆಮನೆಯಲ್ಲಿ ಮಾತ್ರ ಆಯಿಯ ದನಿ ಇಳಿಯಿತು. "ಕಿವುಡಿ ಅಂತ ಮಂದಿ ಈಗs ಒದರಾಕತ್ತಾರ. ಒದರೋರ ಮುಂದ ಕತಿ ಹೆಂಗ ಹೇಳಲಿ, ಭಾಗ್ಯಾ?"

"ಶನಿವಾರದೊಳಗ ಡಬ್ಬಿ ಸರಿ ಮಾಡ್ತೇನಿ, ಆಯಿ. ನಿನಗ ಕೇಳಸೂ ಹಂಗ ಮಾಡ್ತೇನಿ," ಅಂದುಬಿಟ್ಟಳು ಭಾಗ್ಯಾ.

ಮಾತು ಕೊಡುವುದು ಸುಲಭ. ರಾಯಾಪುರದ ಆಫೀಸಿನಿಂದ ಬಸ್ಸಿನಲ್ಲಿ ನಿಂತೇ ಬಂದು, ಕೈಕಾಲು ತೊಳೆದು, ಟೀವಿಯ ಹಿಂದೆ ಕುಕ್ಕರಗಾಲಲ್ಲಿ ಕೂರುವುದು ಸುಲಭವಲ್ಲ. ರಿಮೋಟಿನ ಗುಂಡಿಯನ್ನೆಲ್ಲ ಒತ್ತಿದಳು. ದನಿ ಏರಿಸಿಟ್ಟಳು. ಗುಂಯ್ ಅನ್ನುವ ಬೇಸ್ ಇಳಿಸಿದಳು. ಟೀವಿಯ ಕೇಬಲ್ ಬದಲಿಸಿದಳು. ಪ್ರತಿಸಲ ಪೆಟ್ಟಿಗೆಯ ಪಕ್ಕ ನಿಂತು ಕಿವಿಗೊಟ್ಟರೆ ಮಾತು ಸ್ಪಷ್ಟ. ಹಾಗಾದರೆ ಅಪ್ಪನ ಮಾತೇ ಖರೆಯೇ? ಆದರೆ ಓಣಿಯ ಆ ತುದಿಯಲ್ಲಿ ಕೊತ್ತಂಬರಿಯವಳು ಕೂಗಿದರೆ ಸಾಕು, ಆಯಿ ಒಳಗಿಂದಲೇ "ನಿಂದರವಾ, ಬಂದೆ" ಅನ್ನುತ್ತಿದ್ದಳಲ್ಲ!

ಶುಕ್ರವಾರ ಸಂಜೆ ಭಾಗ್ಯಾಗೆ ಟೀವಿಯ ಹಿಂದೆ ಹೋಗುವ ತ್ರಾಣವೂ ಉಳಿದಿರಲಿಲ್ಲ. ಬ್ಯಾಗು ಮೂಲೆಗೆಸೆದು ಆಯಿಯ ಕಾಲ ಬಳಿ ನೆಲಕ್ಕೆ ಕೂತು, ಕುರ್ಚಿಗೆ ತಲೆ ಆನಿಸಿದಳು. ಧಾರಾವಾಹಿ ನಡೆದಿತ್ತು. ಮಂಚದ ಮೇಲೆ ಅಪ್ಪ ನಗುತ್ತಿದ್ದ. ಭಾಗ್ಯಾಗೆ ನಗು ಬರಲಿಲ್ಲ. ಅತ್ತೆ ಅಂದದ್ದೇ ತಿಳಿಯಲಿಲ್ಲ. ದನಿ ಪೊಳ್ಳಾಗಿ ಎಲ್ಲೋ ಬಾವಿಯೊಳಗಿಂದ ಬರುತ್ತಿತ್ತು.

ಎದ್ದು ಮಂಚದ ಕಡೆ ಸರಿದಳು, ಮಾತು ನೆಟ್ಟಗಾಯಿತು. ಮತ್ತೆ ನಡುವೆ ಬಂದಳು. ಮಾತು ಬಾವಿಗೆ ಬಿತ್ತು. ಇಷ್ಟು ದಿನ ಎಲ್ಲ ಕಡೆ ನಿಂತು ಕೇಳಿದ್ದಳು, ಆಯಿ ಕೂತಲ್ಲಿ ಮಾತ್ರ ಕೂತಿರಲಿಲ್ಲ.

ಎಡಗಡೆಯ ಪೆಟ್ಟಿಗೆ ತಿರುವಿದಳು. ವಾಯರು ಸಿಕ್ಕಿಸುವ ತೂತು ಎರಡು, ಒಂದು ಕೆಂಪು, ಒಂದು ಕಪ್ಪು. ಬಲಗಡೆಯದನ್ನು ತಿರುವಿದಳು. ಎರಡೂ ಕೆಂಪು. ಒಂದನ್ನು ಬೆರಳಿನಿಂದ ಉಜ್ಜಿದರೆ ಬೆರಳೂ ಕೆಂಪು, ಅಡಿಯಲ್ಲಿ ತೂತು ಕಪ್ಪು.

"ಆಯಿ, ದಸರಾದಾಗ ಖಂಡೇಪೂಜಿಗೆ ಡಬ್ಬಿ ಹಿಂದೂ ಕುಂಕುಮ ಹಚ್ಚಿದ್ಯಾ?"

"ಹಚ್ಚಬಾರದೇನ? ಮಾರಿಗೆ ಅಷ್ಟs ಹಚ್ಚಿದ್ರ ಬೆನ್ನ ಏನ್ ಪಾಪ ಮಾಡೇತಿ?"

ಪೂಜೆಗೆಂದು ವಾಯರು ಬಿಚ್ಚಿ ಮತ್ತೆ ಹಾಕಿದವನು ಯಂಕಣ್ಣ. ಟೀವಿಯಿಂದ ಕಣ್ಣು ಕೀಳದೆ, "ಎರಡೂ ಕೆಂಪ ಇದ್ದುವು, ನಾ ಏನ್ ಮಾಡ್ಲಿ," ಎಂದು ಗೊಣಗಿದ.

ಕೆಂಪು ವಾಯರು ಕಪ್ಪಿನ ತೂತಿನಲ್ಲಿತ್ತು. ಒಂದು ಪೆಟ್ಟಿಗೆ ದನಿಯನ್ನು ಮುಂದೆ ನೂಕಿದರೆ ಇನ್ನೊಂದು ಹಿಂದೆ ಜಗ್ಗುತ್ತಿತ್ತು. ಎರಡರ ಜಗಳದಲ್ಲಿ ನಡುವೆ ಕೂತವಳಿಗೆ ಮಾತೇ ಉಳಿಯುತ್ತಿರಲಿಲ್ಲ. ಭಾಗ್ಯಾ ದುಪಟ್ಟಾದ ತುದಿಯಲ್ಲಿ ಕುಂಕುಮ ಒರೆಸಿ, ವಾಯರು ಅದಲುಬದಲು ಮಾಡಿದಳು. ನಡುಬೆನ್ನು ನೋವಿನಿಂದ ಕಳಚಿದಂತಾಯಿತು. ಗೋಡೆ ಹಿಡಿದು ಎದ್ದಳು.

ಧಾರಾವಾಹಿಯ ಅತ್ತೆ, ಕೋಣೆಯ ನಟ್ಟನಡುವೆ ಬಂದು ನಿಂತವಳಂತೆ, ಸೊಸೆಯನ್ನು ಬೈದಳು.

ಆಯಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಸಣ್ಣ ಮಾಡ್ವಾ ಅದನ್ನ! ನಾ ಏನ್ ಕಿವುಡಿ ಏನ್?"