ಆಪರೇಷನ್ ಆದಾಕಿ

ಗಂಡನ ಜೋಡಿ ಲಾರಿ ಹೊಡೆಯುತ್ತಿದ್ದ ಗೆಳೆಯ ಏಡ್ಸ್ ಆಗಿ ಸತ್ತನೆಂದು ಕೇಳಿದಾಗಿನಿಂದ ಚಂದಮ್ಮ ಗಂಡ ಬರುವ ದಿನ ಎಣಿಸುತ್ತ ಅಂಜುತ್ತಿದ್ದಳು. ಸೊಲ್ಲಾಪುರದ ಹಾದಿಯ ಢಾಬಾಗಳ ಹಿಂದಿನ ಸೂಳೆಯರ ಮನೆಗಳಿಗೆ ಇಬ್ಬರೂ ಕೂಡಿಯೇ ಹೋಗುತ್ತಿದ್ದರೆಂದು ಗೊಬ್ಬೂರು ಊರಿಗೆಲ್ಲ ಗೊತ್ತಿತ್ತು. ಗಂಡ ಹಣಮಂತರಾಯ ಊರಿಗೆ ಬಂದ ದಿನ ಅವಳು ನಾಚಿಕೆ ಬಿಟ್ಟು, ನರ್ಸಬಾಯಿ ಕೊಟ್ಟ ನಿರೋಧದ ಪೊಟ್ಟಣವನ್ನು ಅವನ ಮುಂದಿಟ್ಟಳು.

ಅವನು ಮೊದಲು ನಕ್ಕ. ಆಮೇಲೆ ಮುಖ ಗಂಟಿಕ್ಕಿದ.

"ನಿಂದು ಆಪರೇಷನ್ ಆಗ್ಯಾದಲ್ಲಬೇ, ಮತ್ತ ಇದ್ಯಾಕ ಬೇಕು? ಯಾರ ಸಲುವಾಗಿ ತಂದಿ, ಖರೇ ಹೇಳು."

"ಆಪರೇಷನ್ ಕೂಸು ಆಗೂದು ತಡೀತದರಿ, ಜಡ್ಡು ತಡ್ಯಾಂಗಿಲ್ಲ. ನೀವೂ ಒಮ್ಮೆ ರಕ್ತ ತೋರಸ್ರಿ."

ಅಡುಗೆಮನೆಯಿಂದ ಅತ್ತೆ ಸುಭದ್ರಾಬಾಯಿ ಹೊರಬಂದಳು. "ಗಂಡಸಿಗಿ ರಕ್ತ ತೋರ್ಸು ಅಂತಾಳ ನೋಡು! ತಿಂಗಳಾನಗಟ್ಟಲೆ ದುಡದು ಬಂದ ಮಗಗ ಮಾಡೂ ಮರ್ಯಾದಿ ಏನಬೇ ಇದು?"

"ಜಡ್ಡು ಜೋಡಿ ತರದೆ ಅವರೊಬ್ಬರೇ ಬಂದಿದ್ರ ನಾ ಯಾಕ ಅಂಜತಿದ್ದೆ, ಅತ್ತಿ?"

ಹಣಮಂತರಾಯ ಅವಳ ಕೆನ್ನೆಗೆ ಬಾರಿಸಿದ. ಸುಭದ್ರಾಬಾಯಿ ತಡೆಯಲಿಲ್ಲ. ಪೊಟ್ಟಣವನ್ನು ಒಲೆಗೆ ಹಾಕಿದಳು. ಒಳಕೋಣೆಗೆ ಹೋಗಿ ಇಬ್ಬರಿಗೂ ತಾನೇ ಹಾಸಿಗೆ ಹಾಸಿ ಬಂದು, ಕೆಳಗೆ ಕೂತಿದ್ದ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ನಡಿ ಒಳಗ. ಅಂವ ದಣದು ಬಂದಾನ."