ಓದದೆ ಒತ್ತಿದ ‘ಒಪ್ಪಿದೆ’

ಮುತ್ತುರಾಜ್ ಅಂದ್ರೆ ಸಾಮಾನ್ಯನಲ್ಲ. ಗೂಳೂರಲ್ಲಿ ಕೂತು ಮೊಬೈಲ್ ಒತ್ತಿದರೆ ತುಮಕೂರಿನ ಬಸ್ಸುಗಳೆಲ್ಲ ತಾವಾಗೇ ಬ್ರೇಕ್ ಹಾಕಿಕೊಳ್ಳುತ್ತಿದ್ದವು! ಸಾವಿರ ಪುಟದ ಪುಸ್ತಕವನ್ನ ಒಂದು ಸೀನು ಸೀನುವಷ್ಟರಲ್ಲಿ ಓದಿ ಮುಗಿಸುತ್ತಿದ್ದ. ಅಂಥವನು ಆರೇ ಆರು ಸಾಲು ಓದಲಿಲ್ಲ ನೋಡಿ, ಅಲ್ಲೇ ಕೆಟ್ಟಿತು.

ಅಂತರಸನಹಳ್ಳಿಯ ಫ್ಯಾಕ್ಟರಿಗಳಿಗೆ ಡ್ಯೂಟಿಗೆ ಹೋಗುವ ಗೂಳೂರಿನವರದ್ದೊಂದು ವಾಟ್ಸಾಪ್ ಗ್ರೂಪ್ ಇತ್ತು. ಬಸ್ ತಪ್ಪಿದರೆ ಯಾರ ಗಾಡಿಯಲ್ಲಿ ಜಾಗ ಇದೆ ಅಂತ ಅದರಲ್ಲೇ ಗೊತ್ತಾಗೋದು. ಗ್ರೂಪ್ ನೋಡಿಕೊಳ್ಳುವ ಸಂಧ್ಯಾ ಹೊಸಬರಿಗೆಲ್ಲ ಮೊದಲು ಆರು ನಿಯಮ ಕಳಿಸುತ್ತಿದ್ದಳು. ಓದಿ ‘ಒಪ್ಪಿದೆ’ ಅಂದರೇ ಸೇರಿಸೋದು.

“ಬಸ್ ಟೈಮ್ ಕೇಳೋಕೂ ರೂಲ್ಸಾ? ನಾವೇನು ಕಳ್ರೇನಕ್ಕಾ?” ಅಂದ ಮುತ್ತುರಾಜ್.

“ಕಳ್ರಿಗಲ್ಲ ಕಣೋ, ನಮ್ಮಂಥೋರಿಗೇ. ಓದು ಮೊದಲು.”

ಓದಲಿಲ್ಲ. ‘ಒಪ್ಪಿದೆ’ ಅಂತ ಒತ್ತಿ ಕಳಿಸಿದ.

ಹದಿನೈದು ದಿನ ಆಗಿರಬೇಕು. ಪಕ್ಕದ ಬೀದಿಯ ರಂಗಲಕ್ಷ್ಮಮ್ಮ ಸ್ಕೂಟಿ ಕಲಿಯುತ್ತಾ ತಿಪ್ಪೆಗೆ ನುಗ್ಗಿ ಬಿದ್ದಳು. ಆಯಮ್ಮನಿಗೆ ಗಾರ್ಮೆಂಟ್ಸಲ್ಲಿ ಬೆಳಗ್ಗೆ ಆರು ಗಂಟೆಯ ಶಿಫ್ಟ್ ಸಿಕ್ಕಿತ್ತು. ಆ ಹೊತ್ತಿಗೆ ಬಸ್ಸಿಲ್ಲ, ಗಾಡಿ ಕಲಿತರೇ ಕೆಲಸ. ಮುತ್ತುರಾಜ್ ಎಬ್ಬಿಸೋಕೆ ಓಡಲಿಲ್ಲ, ವಿಡಿಯೊ ಮಾಡಿದ. ಗ್ರೂಪಿಗೆ ಹಾಕಿದ. ಸಂಜೆಯೊಳಗೆ ಅದು ಗುಬ್ಬಿ, ಕುಣಿಗಲ್ ದಾಟಿ ಚಂದ್ರಲೋಕ ಮುಟ್ಟಿತು, ಅಲ್ಲಿಯವರೂ ಹೊಟ್ಟೆ ಹಿಡಿದು ನಕ್ಕರು.

ಸಂಧ್ಯಾ ವಿಡಿಯೊ ಅಳಿಸಿ, ಅವನ ಮನೆಗೇ ಬಂದಳು.

“ಮೂರನೇ ನಿಯಮ ಏನ್ಲಾ?”

ಅವನು ಮೊಬೈಲ್ ತೆಗೆದು ನಿಯಮ ಹುಡುಕತೊಡಗಿದ.

“ಕೇಳದೆ ಯಾರ ಫೋಟೊ, ವಿಡಿಯೊನೂ ಹಾಕಬಾರದು ಅಂತ. ನೀನು ‘ಒಪ್ಪಿದೆ’ ಅಂದಿದ್ದು ನನಗಲ್ಲ ಕಣೋ, ಗ್ರೂಪಲ್ಲಿರೋ ಎಪ್ಪತ್ತು ಜನಕ್ಕೆ. ಆ ಮಾತು ನಂಬ್ಕೊಂಡೇ ಆಯಮ್ಮನೂ ಸೇರಿದ್ದು. ಅವಳ ಎದುರಿಗೇ ಕೂತು ಹಾಕೋದಾಗಿದ್ರೆ, ಮುಖ ನೋಡಿ ಸುಮ್ನಾಗ್ತಿದ್ದೆ. ಫೋನಲ್ಲಿ ಮುಖ ಕಾಣಲ್ಲ, ಅದಕ್ಕೇ ಮೊದಲೇ ಮಾತು ತಗೊಳ್ಳೋದು.”

“ಈಗ ಅಳಿಸಿದ್ಯಲ್ಲಕ್ಕಾ...”

“ಗುಬ್ಬಿಲಿರೋ ಅವಳ ನಾದಿನಿ ಫೋನಿಂದ ಯಾರ್ಲಾ ಅಳಿಸ್ತಾರೆ?”

ಮುತ್ತುರಾಜ್ ತಲೆ ತಗ್ಗಿಸಿದ. ಆಮೇಲೆ ನೋಡಿ, ಹತ್ತು ಸಾವಿರ ಜನರ ಮುಂದೆ ಕೈ ಮುಗಿದ, ಅವನ ಕಣ್ಣೀರಿಗೆ ಗೂಳೂರು ಕೆರೆಯೇ ಕೋಡಿ ಬಿತ್ತು, ರಂಗಲಕ್ಷ್ಮಮ್ಮ ನಕ್ಕು ಕ್ಷಮಿಸಿ, ಸ್ಕೂಟಿ ಹತ್ತಿ ಜುಂ ಅಂತ...

ಕಥೆ ಇಲ್ಲಿಗೆ ಬರುವಷ್ಟರಲ್ಲಿ, ಊರಿನ ಮಹಿಳಾ ಸಂಘದ ಸಭೆಯಲ್ಲಿ ಕೂತು ಕೇಳುತ್ತಿದ್ದ ಹೆಂಗಸರ ನಡುವಿಂದ ರಂಗಲಕ್ಷ್ಮಮ್ಮನೇ ಎದ್ದು ನಿಂತಳು.

“ಬುಡು ಮುತ್ತುರಾಜ, ಸಾಕು. ನಾನ್ಯಾವಾಗ ನಕ್ಕೆ?”

ನಿಜ. ಮುತ್ತುರಾಜ್ ಅಂದ್ರೆ ನಾನೇ. ಈ ಅಕ್ಕ ನಗಲಿಲ್ಲ. ನಾಚಿಕೆಗೆ ಮತ್ತೆ ಸ್ಕೂಟಿ ಮುಟ್ಟಲೇ ಇಲ್ಲ, ಅದು ಇನ್ನೂ ಟಾರ್ಪಾಲಿನ ಕೆಳಗಿದೆ, ಆ ಕೆಲಸ ಬೇರೆಯವರಿಗೆ ಹೋಯಿತು. ಮೊದಮೊದಲು ಮೂರು ಸಲ ಇವರ ಬಾಗಿಲ ತನಕ ಹೋಗಿ, ಕದ ತಟ್ಟದೆ ವಾಪಸ್ ಬಂದೆ. ಇವತ್ತು ನಿಮ್ಮೆಲ್ಲರ ಎದುರು ಕ್ಷಮೆ ಕೇಳ್ತಿದೀನಿ. ತಪ್ಪಾಯ್ತು ಅಕ್ಕಾ.

ನೀವೂ ಯಾವುದಾದರೂ ಗ್ರೂಪಿಗೆ ಸೇರುವಾಗ ನಿಯಮ ಬಂದರೆ ನಿಂತು ಓದಿ. ತಿಳಿಯದಿದ್ದರೆ ಕೇಳಿ, ಆಮೇಲೆ ಒತ್ತಿ. ಆರು ಸಾಲು ಓದೋಕೆ ಅರ್ಧ ನಿಮಿಷ. ಓದದ ನಾನು ಈ ಅಕ್ಕನ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಓಡಾಡಿ ಆರು ತಿಂಗಳಾಯ್ತು. ಈ ಮಾತಿಗೆ ಮಾತ್ರ ಬಣ್ಣ ಹಚ್ಚಿಲ್ಲ.